ರಂಗಸ್ಥಳದ ಮೈಕ್ ಚೌಕಿಯಲ್ಲಿ ಕೇಳಬೇಕಾದರೆ: ಸ್ಥಳೀಯ ನೆಟ್‌ವರ್ಕ್‌ನಲ್ಲಿ ನೇರ ಧ್ವನಿ ಹರಿಸುವ ಸಮಗ್ರ ಮಾರ್ಗದರ್ಶಿ

ಯಕ್ಷಗಾನ ಬಯಲಾಟದ ಚೌಕಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆ, ಎಲ್ಲಿರಬೇಕೆಂಬುದನ್ನು ಗದ್ದೆಯ ಆಕಾರವೇ ನಿರ್ಧರಿಸುತ್ತದೆ. ಕೆಲವು ಕಡೆ ಅದು ರಂಗಸ್ಥಳದ ಬೆನ್ನಿಗೇ ತಾಗಿಕೊಂಡಿರುತ್ತದೆ, ಕೆಲವು ಕಡೆ ಪಕ್ಕದ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಚಾವಡಿಯಲ್ಲೋ 60–70 ಮೀಟರ್ ಆಚೆ. ಬಣ್ಣಕ್ಕೆ ಕುಳಿತ ವೇಷಧಾರಿಗಳು, ಹಾಡಿ ಕಥೆ ನಡೆಸುವ ಭಾಗವತರ ಪದ್ಯ ಕೇಳಿಕೊಂಡೇ ಕಥೆ ಎಲ್ಲಿಗೆ ಬಂತು, ಗೆಜ್ಜೆ ಕಟ್ಟಲು ಇನ್ನೆಷ್ಟು ಹೊತ್ತಿದೆ ಎಂದು ಅಂದಾಜು ಮಾಡುತ್ತಾರೆ. ಪದ್ಯ ಸರಿಯಾಗಿ ಕೇಳದಿದ್ದರೆ ಪ್ರವೇಶ ತಪ್ಪುತ್ತದೆ, ಇಲ್ಲವೇ ಒಬ್ಬರು ಚೌಕಿಗೂ ರಂಗಸ್ಥಳಕ್ಕೂ ಓಡಾಡುತ್ತಲೇ ಇರಬೇಕಾಗುತ್ತದೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗಾಗಿ ಮೈಕ್‌ನವರು ಸ್ಪೀಕರ್‌ಗಳನ್ನು ಪ್ರೇಕ್ಷಕರ ಕಡೆಗೆ ಮಾತ್ರ ತಿರುಗಿಸುತ್ತಾರೆ, ಹೊತ್ತು ಏರಿದಂತೆ ಸದ್ದು ಇಳಿಸುತ್ತಾರೆ. ಮೊದಲು ತಾನಾಗಿಯೇ ಚೌಕಿಗೆ ಬಂದು ಮುಟ್ಟುತ್ತಿದ್ದ ಪದ್ಯ ಈಗ ಮುಟ್ಟುವುದಿಲ್ಲ. ಅದನ್ನು ಇಂಟರ್‌ನೆಟ್ ಇಲ್ಲದೆ, ಒಂದು ರೂಟರ್ ಮತ್ತು ಎರಡು ಲ್ಯಾಪ್‌ಟಾಪ್ ಬಳಸಿ ಮುಟ್ಟಿಸುವ ವಿಧಾನ ಇಲ್ಲಿದೆ. ಇದೇ ಜೋಡಣೆ ದೇವಸ್ಥಾನದ ಪ್ರವಚನವನ್ನು ಊಟದ ಚಪ್ಪರಕ್ಕೆ ಕೇಳಿಸಲೂ ಆಗುತ್ತದೆ.

ನೆಟ್‌ವರ್ಕ್ ಬೇಡದ ಸಂದರ್ಭ ಮೊದಲು ಹೇಳಬೇಕು. ಚೌಕಿಯಲ್ಲಿ ಒಂದೇ ಸ್ಪೀಕರ್ ಸಾಕು, ದಾರಿಯಲ್ಲಿ ಜನ, ವಾಹನ ದಾಟುವುದಿಲ್ಲ ಎಂದಾದರೆ ಮಿಕ್ಸರ್‌ನಿಂದ ಒಂದು ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವ ಮೂರು ಪಿನ್ನಿನ) ಕೇಬಲ್ ಎಳೆಯಿರಿ. ಲೈನ್ ಮಟ್ಟದ ಸಿಗ್ನಲ್ 100 ಮೀಟರ್ ಸಲೀಸಾಗಿ ಹೋಗುತ್ತದೆ, ತಡವೂ ಇಲ್ಲ. ಚೌಕಿ, ಧ್ವನಿಮುದ್ರಣದ ಮೇಜು, ಊಟದ ಚಪ್ಪರ ಹೀಗೆ ಎರಡು ಮೂರು ಕಡೆ ಬೇಕಾದಾಗ, ಅಥವಾ ನಡುವೆ ರಸ್ತೆ ಇದ್ದಾಗ, ನೆಟ್‌ವರ್ಕ್‌ಗೆ ಅರ್ಥವಿದೆ.

ತಡದ ಲೆಕ್ಕ

ಫೇಸ್‌ಬುಕ್, ಯೂಟ್ಯೂಬ್ ನೇರಪ್ರಸಾರದಲ್ಲಿ ಹಲವು ಸೆಕೆಂಡುಗಳ ತಡ ಇರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಹರಿಸಿದರೂ ಅದರ ನೆಟ್‌ವರ್ಕ್ ಬಫರ್ (ಬಂದ ಧ್ವನಿಯನ್ನು ನುಡಿಸುವ ಮೊದಲು ತುಸು ಹೊತ್ತು ಕೂಡಿಟ್ಟುಕೊಳ್ಳುವುದು) ಮೂಲಸ್ಥಿತಿಯಲ್ಲೇ ಒಂದು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು. ಪದ್ಯ ಮುಗಿದು ಚೆಂಡೆ ಬಿದ್ದ ಮೇಲೆ ಚೌಕಿಯಲ್ಲಿ ಪದ್ಯದ ಕೊನೆ ಕೇಳಿದರೆ ಪ್ರಯೋಜನವಿಲ್ಲ. ಹಾಗೆಂದು ತಡವನ್ನು ಸೊನ್ನೆಯ ಹತ್ತಿರ ತರಲು ಹಟ ಹಿಡಿಯುವುದೂ ತಪ್ಪು. ಹೆಚ್ಚಿನವರು ಎಡವುವುದು ಇಲ್ಲಿಯೇ.

ಗಾಳಿಯಲ್ಲಿ ಸದ್ದು ಹೋಗಲು ಸಮಯ ಬೇಕು. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 349 ಮೀಟರ್, ಅಂದರೆ ಮೀಟರಿಗೆ 2.9 ಮಿಲಿಸೆಕೆಂಡ್. ಚೌಕಿ 60 ಮೀಟರ್ ದೂರದಲ್ಲಿದ್ದರೆ ಮುಖ್ಯ ಸ್ಪೀಕರಿನ ಸದ್ದು ಅಲ್ಲಿಗೆ ಬರುವುದೇ 174 ಮಿಲಿಸೆಕೆಂಡ್ ಕಳೆದ ಮೇಲೆ. ನೆಟ್‌ವರ್ಕಿನ ಸದ್ದು 70 ಮಿಲಿಸೆಕೆಂಡಿನಲ್ಲಿ ಬಂದರೆ ಅದೇ 100 ಮಿಲಿಸೆಕೆಂಡ್ ಮುಂದಿರುತ್ತದೆ. ಹೊರಗಿನ ಸದ್ದು ಸಣ್ಣಗೆ ಕೇಳುತ್ತಿದ್ದರೂ ಸಾಕು, ಒಂದೇ ಮಾತು ಎರಡು ಬಾರಿ ಬಿದ್ದು ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತುಗಾರಿಕೆ, ಕಲಸಿಹೋಗುತ್ತದೆ. ಎರಡರ ಅಂತರ 30 ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಅದನ್ನು ಒಂದೇ ಸದ್ದೆಂದು ಗ್ರಹಿಸುತ್ತದೆ. ಆದ್ದರಿಂದ ಚೌಕಿಯ ದೂರವನ್ನು ಮೀಟರಿನಲ್ಲಿ ಅಳೆದು 2.9ರಿಂದ ಗುಣಿಸಿ, ಬಂದ ಸಂಖ್ಯೆಯಿಂದ 20 ಕಳೆಯಿರಿ. ನಿಮ್ಮ ಗುರಿ ಅಷ್ಟು ಮಿಲಿಸೆಕೆಂಡ್. 60 ಮೀಟರಿಗೆ ಅದು ಸುಮಾರು 150.

ಇದರಿಂದ ದೊಡ್ಡ ಅನುಕೂಲವಿದೆ. ಚೌಕಿ ದೂರವಾದಷ್ಟೂ ದೊಡ್ಡ ಬಫರ್ ಇಡಬಹುದು, ಬಫರ್ ದೊಡ್ಡದಾದಷ್ಟೂ ವೈಫೈಯ ಏರುಪೇರನ್ನು ಅದು ನುಂಗಿಕೊಳ್ಳುತ್ತದೆ. 10–15 ಮೀಟರಿನಲ್ಲೇ ಚೌಕಿ ಇದ್ದರೆ ಗುರಿ 10–25 ಮಿಲಿಸೆಕೆಂಡ್ ಆಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ನಿಂದ ಅದು ಸಾಧ್ಯವಿಲ್ಲ, ಅಲ್ಲಿ ಕೇಬಲ್ ಎಳೆಯುವುದೇ ಸರಿ.

ಬೇಕಾದ ಸಾಮಾನು

ಕಳುಹಿಸಲು ಮತ್ತು ಪಡೆಯಲು ವಿಂಡೋಸ್ 10 ಅಥವಾ 11 ಇರುವ ಎರಡು ಲ್ಯಾಪ್‌ಟಾಪ್. ಹಳೆಯದಾದರೂ ಅಡ್ಡಿಯಿಲ್ಲ, ಈದರ್‌ನೆಟ್ ಕಿಂಡಿ ಇರಬೇಕು, ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಹಾಕಬಹುದು. 48 ಕಿಲೋಹರ್ಟ್ಸ್‌ನಲ್ಲಿ ಓಡುವ, ಲೈನ್ ಇನ್‌ಪುಟ್ ಇರುವ ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮಿಕ್ಸರಿನ ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ತರುವ ಪೆಟ್ಟಿಗೆ) ಒಂದು. 5 ಗಿಗಾಹರ್ಟ್ಸ್ ವೈಫೈ ಇರುವ ರೂಟರ್, ಅದಕ್ಕೆ 12 ವೋಲ್ಟಿನ ಮಿನಿ ಯುಪಿಎಸ್. ಹೊರಾಂಗಣದ ಕ್ಯಾಟ್ 6 ಕೇಬಲ್, ಒಂದೊಂದು ಎಳೆ 100 ಮೀಟರ್ ಮೀರದಂತೆ. ಚೌಕಿಗೆ 4 ಅಥವಾ 5 ಇಂಚಿನ ಪವರ್ಡ್ ಸ್ಪೀಕರ್. ತಂತ್ರಾಂಶ: ವಿಬಿ-ಆಡಿಯೊ ಸಂಸ್ಥೆಯ ವಾಯ್ಸ್‌ಮೀಟರ್. ಇಷ್ಟವಿದ್ದರೆ ಹಣ ಕೊಡಿ ಎನ್ನುವ ಪದ್ಧತಿಯಲ್ಲಿ ಸಿಗುತ್ತದೆ. ಸ್ಥಳೀಯ ನೆಟ್‌ವರ್ಕಿನಲ್ಲಿ ಧ್ವನಿ ಹರಿಸಲೆಂದೇ ಮಾಡಿದ ವಿಬ್ಯಾನ್ ಎಂಬ ವ್ಯವಸ್ಥೆ ಅದರೊಳಗೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಕೇಳಲು ವಿಬ್ಯಾನ್ ರಿಸೆಪ್ಟರ್ ಎಂಬ ಆ್ಯಪ್ ಇದೆ. ಇವನ್ನೆಲ್ಲ ಮನೆಯಲ್ಲೇ ಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಒಮ್ಮೆ ಓಡಿಸಿ ನೋಡಿಯೇ ಗದ್ದೆಗೆ ಒಯ್ಯಿರಿ. ವಾಯ್ಸ್‌ಮೀಟರ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡದೆ ಅದರ ಡ್ರೈವರ್ ಏಳುವುದಿಲ್ಲ.

ವಿಬ್ಯಾನ್ ಧ್ವನಿಯನ್ನು ಸಂಕುಚಿಸದೆ ಯುಡಿಪಿ ಪ್ಯಾಕೆಟ್‌ಗಳಲ್ಲಿ ಕಳಿಸುತ್ತದೆ. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 256 ಸ್ಯಾಂಪಲ್, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 5.3 ಮಿಲಿಸೆಕೆಂಡಿನ ಸದ್ದು. 16 ಬಿಟ್ ಸ್ಟೀರಿಯೊಗೆ ಸೆಕೆಂಡಿಗೆ 1.6ರಿಂದ 1.7 ಮೆಗಾಬಿಟ್ ಬೇಕು. ಯಾವ ರೂಟರಿಗೂ ಇದು ಭಾರವಲ್ಲ. ವೇಗ ಇಲ್ಲಿ ಸಮಸ್ಯೆಯೇ ಅಲ್ಲ, ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ಬರುವುದು ಮುಖ್ಯ. ಕಳೆದುಹೋದ ಪ್ಯಾಕೆಟ್ಟನ್ನು ಯುಡಿಪಿ ಮತ್ತೆ ಕೇಳಿ ತರಿಸಿಕೊಳ್ಳುವುದಿಲ್ಲ, ಹೋದದ್ದು ಹೋಯಿತು.

ನೆಟ್‌ವರ್ಕ್ ಕಟ್ಟುವುದು

ರಂಗಸ್ಥಳದ ಲ್ಯಾಪ್‌ಟಾಪ್‌ನಿಂದ ರೂಟರಿಗೆ ಕೇಬಲ್ ಕಡ್ಡಾಯ. ಕಳುಹಿಸುವ ತುದಿಯೂ ವೈಫೈ, ಪಡೆಯುವ ತುದಿಯೂ ವೈಫೈ ಆದರೆ ಪ್ರತಿ ಪ್ಯಾಕೆಟ್ ಒಂದೇ ಚಾನೆಲ್ಲಿನಲ್ಲಿ ಎರಡು ಬಾರಿ ಹಾಯಬೇಕಾಗುತ್ತದೆ, ಏರುಪೇರು ಇಮ್ಮಡಿಯಾಗುತ್ತದೆ. ಚೌಕಿಯ ಲ್ಯಾಪ್‌ಟಾಪ್‌ಗೂ ಕೇಬಲ್ ಸಾಧ್ಯವಾದರೆ ಬಹಳ ಒಳ್ಳೆಯದು. ಆಗ ವೈಫೈ ಫೋನುಗಳಿಗೆ ಮಾತ್ರ.

ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಬಳಸಬೇಡಿ. ಆಟ ನೋಡಲು ಬಂದ ಐನೂರು ಜನರ ಕಿಸೆಯಲ್ಲೂ ಫೋನು, ಬ್ಲೂಟೂತ್, ಹಾಟ್‌ಸ್ಪಾಟ್ ಇರುತ್ತವೆ. ಸಂಜೆ 5ಕ್ಕೆ ಖಾಲಿ ಗದ್ದೆಯಲ್ಲಿ ಚೆನ್ನಾಗಿ ಓಡಿದ್ದು ರಾತ್ರಿ ಜನ ತುಂಬಿದ ಮೇಲೆ ಕಡಿದು ಕಡಿದು ಬರುವುದಕ್ಕೆ ಇದೇ ಕಾರಣ. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರೊಳಗಿನ ಚಾನೆಲ್ ಒಂದನ್ನು ನೀವೇ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ಚಾನೆಲ್ ಆಯ್ಕೆಯನ್ನು ರೂಟರಿಗೇ ಬಿಟ್ಟರೆ ಅದು ರೇಡಾರ್ ಬಳಸುವ ಚಾನೆಲ್ಲಿಗೆ ಹೋಗಿ ಕೂರಬಹುದು. ಅಲ್ಲಿ ರೇಡಾರ್ ಸಂಕೇತ ಕಂಡೊಡನೆ ತಾನೇ ಚಾನೆಲ್ ಬಿಟ್ಟುಕೊಡುತ್ತದೆ, ಚೌಕಿಯಲ್ಲಿ ಸದ್ದು ನಿಲ್ಲುತ್ತದೆ.

ಮನುಷ್ಯನ ಮೈ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ರೂಟರನ್ನು ಮೇಜಿನ ಮೇಲಿಡದೆ ಕಂಬಕ್ಕೆ 3 ಮೀಟರ್ ಎತ್ತರದಲ್ಲಿ ಕಟ್ಟಿ, ಜನರ ತಲೆಯ ಮೇಲಿಂದ ಚೌಕಿ ಕಾಣುವಂತಿರಲಿ. ಚೌಕಿಗೆ ತಗಡಿನ ಶೀಟು ಹೊದಿಸಿದ್ದರೆ ಅಲೆ ಒಳಗೆ ಹೋಗುವುದಿಲ್ಲ. ತೆಂಗಿನ ಮಡಲು, ಟಾರ್ಪಾಲು ಆದರೆ ತೊಂದರೆ ಕಡಿಮೆ. ತಗಡಿದ್ದಲ್ಲಿ ಲ್ಯಾಪ್‌ಟಾಪನ್ನು ಬಾಗಿಲ ಬಳಿ ಇಟ್ಟು ಸ್ಪೀಕರಿನ ವಯರನ್ನು ಮಾತ್ರ ಒಳಗೆ ಎಳೆಯಿರಿ.

ರೂಟರಿನಲ್ಲಿ ಪ್ರತಿ ಸಾಧನಕ್ಕೂ ವಿಳಾಸ ಕಾಯ್ದಿರಿಸಿ: ರಂಗಸ್ಥಳಕ್ಕೆ 192.168.50.10, ಚೌಕಿಗೆ 192.168.50.20, ಫೋನುಗಳಿಗೆ 31ರಿಂದ ಮುಂದೆ. ಹೀಗೆ ಮಾಡದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಧ್ವನಿ ಯಾರಿಗೂ ತಲುಪದೆ ಹೋಗಬಹುದು. ಗೆಸ್ಟ್ ನೆಟ್‌ವರ್ಕ್ ಮತ್ತು ಸಾಧನಗಳನ್ನು ಪರಸ್ಪರ ಬೇರ್ಪಡಿಸುವ ಐಸೊಲೇಶನ್ ಆಫ್ ಇರಲಿ. ಇಂಟರ್‌ನೆಟ್ ಕೊಡಲೇಬೇಡಿ. ವಿಂಡೋಸ್ ಅಪ್‌ಡೇಟ್ ನಡುರಾತ್ರಿ ಏಳದಿರಲು ಅದೇ ಉತ್ತಮ ಉಪಾಯ. ವಿಬ್ಯಾನ್‌ನಲ್ಲಿ ಗೂಢಲಿಪಿ ಇಲ್ಲ, ನೆಟ್‌ವರ್ಕಿಗೆ ಸೇರಿದ ಯಾರಾದರೂ ಕದ್ದು ಕೇಳಬಹುದು. ಪಾಸ್‌ವರ್ಡ್ ಗಟ್ಟಿಯಾಗಿರಲಿ.

ಜೋಡಿಸಿದ ಮೇಲೆ ಕಮಾಂಡ್ ಪ್ರಾಂಪ್ಟ್‌ನಿಂದ ಚೌಕಿಯ ವಿಳಾಸಕ್ಕೆ ನಿರಂತರ ಪಿಂಗ್ (ಆಚೆಯ ಸಾಧನ ಉತ್ತರಿಸಲು ಹಿಡಿಯುವ ಸಮಯ ಅಳೆಯುವ ಆದೇಶ) ಕೊಟ್ಟು 10 ನಿಮಿಷ ಬಿಡಿ. ಸರಾಸರಿ ನೋಡಿ ಸಮಾಧಾನಪಡಬೇಡಿ, ಅತಿ ಹೆಚ್ಚಿನ ಅಂಕಿ ನೋಡಿ. ಕೇಬಲ್ಲಿನಲ್ಲಿ ಅದು 1–2 ಮಿಲಿಸೆಕೆಂಡ್ ದಾಟಬಾರದು. ವೈಫೈಯಲ್ಲಿ 30–40ರವರೆಗೆ ಬಂದರೆ ನಡೆಯುತ್ತದೆ. 100 ದಾಟುತ್ತಿದ್ದರೆ ರೂಟರಿನ ಜಾಗ ಬದಲಿಸಿ. ಇದೇ ಪರೀಕ್ಷೆಯನ್ನು ಜನ ಸೇರಿದ ಮೇಲೆ ಇನ್ನೊಮ್ಮೆ ಮಾಡಿ.

ಮಿಕ್ಸರ್‌ನಿಂದ ಲ್ಯಾಪ್‌ಟಾಪ್‌ಗೆ

ಮೈಕ್‌ನವರ ಬಳಿ ಮೊದಲೇ ಮಾತಾಡಿ ಒಂದು ಆಕ್ಸ್ ಔಟ್ (ಮಿಕ್ಸರಿನ ಹೆಚ್ಚುವರಿ ಹೊರದಾರಿ) ಕೇಳಿಕೊಳ್ಳಿ, ಅದು ಪ್ರೀ-ಫೇಡರ್ ಆಗಿರಬೇಕು, ಅಂದರೆ ಸದ್ದು ಏರಿಸಿ ಇಳಿಸುವ ಫೇಡರಿಗಿಂತ ಮೊದಲೇ ಕವಲೊಡೆದಿರಬೇಕು. ಆಗ ಅವರು ಹೊತ್ತು ನೋಡಿ ಮುಖ್ಯ ಸದ್ದು ಇಳಿಸಿದರೂ ಚೌಕಿಯ ಸದ್ದು ಇಳಿಯುವುದಿಲ್ಲ, ಈ ಇಡೀ ವ್ಯವಸ್ಥೆಯ ಉದ್ದೇಶವೇ ಅದು. ಆಕ್ಸ್‌ನಲ್ಲಿ ಭಾಗವತರ ಮೈಕ್ ಹೆಚ್ಚು, ಅರ್ಥಧಾರಿಗಳ ಮೈಕ್ ಅದಕ್ಕಿಂತ ತುಸು ಕಡಿಮೆ, ಮದ್ದಳೆ ಸ್ವಲ್ಪ. ಚೆಂಡೆಗೆ ಪ್ರತ್ಯೇಕ ಮೈಕ್ ಇದ್ದರೂ ಆಕ್ಸ್‌ಗೆ ಕೊಡಬೇಡಿ, ಭಾಗವತರ ಮೈಕಿಗೇ ಅದು ಬೇಕಾದಷ್ಟು ಬೀಳುತ್ತದೆ. ಪ್ರೀ-ಫೇಡರ್ ಆದ್ದರಿಂದ ಹಿಮ್ಮೇಳದವರ ನಡುವಿನ ಪಿಸುಮಾತೂ ಚೌಕಿಗೆ ಹೋಗುತ್ತದೆ. ಭಾಗವತರಿಗೆ ಇದನ್ನು ಮೊದಲೇ ತಿಳಿಸುವುದು ಮರ್ಯಾದೆ. ಧ್ವನಿಮುದ್ರಣ ಮಾಡುವುದಿದ್ದರೆ ಮೇಳದ ಒಪ್ಪಿಗೆ ಬೇಕೇ ಬೇಕು.

ಆಕ್ಸ್ ಔಟನ್ನು ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಹಾಕಿ. ಲ್ಯಾಪ್‌ಟಾಪ್‌ನ 3.5 ಮಿಲಿಮೀಟರ್ ಮೈಕ್ ಕಿಂಡಿಗೆ ನೇರ ಹಾಕಿದರೆ ಧ್ವನಿ ಒಡೆಯುತ್ತದೆ, ಅದು ಮೈಕಿನ ಕ್ಷೀಣ ಸಿಗ್ನಲ್ಲಿಗೆ ಮಾಡಿದ್ದು. ಭಾಗವತರು ಏರುಪದದಲ್ಲಿ ಹಾಡುವಾಗ, ಚೆಂಡೆಯ ಉರುಳಿಕೆ ಸೇರಿದಾಗ, ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡಿ. ಆಟದ ಮೊದಲಿನ ಪೂರ್ವರಂಗದ ಸದ್ದಿಗೆ ಹೊಂದಿಸಿದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ಕೆಂಪು ದೀಪ ಹತ್ತುತ್ತದೆ.

ಗುಂಯ್ ಎಂಬ 50 ಹರ್ಟ್ಸ್ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಮಿಕ್ಸರಿನ ಅರ್ಥಿಂಗ್ ಮತ್ತು ಲ್ಯಾಪ್‌ಟಾಪ್‌ನ ಅರ್ಥಿಂಗ್ ಸುತ್ತು ಹಾಕಿಕೊಂಡದ್ದು. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಅಥವಾ ಡಿಐ ಬಾಕ್ಸ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವ ಅಭ್ಯಾಸ ಅಲ್ಲಲ್ಲಿ ಇದೆ. ಇಬ್ಬನಿ ಬಿದ್ದ ಗದ್ದೆಯಲ್ಲಿ ಅದು ಜೀವಕ್ಕೆ ಅಪಾಯ, ಖಂಡಿತ ಮಾಡಬೇಡಿ.

ಕಳುಹಿಸುವ ಲ್ಯಾಪ್‌ಟಾಪ್

1. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಇಂಟರ್‌ಫೇಸಿನ ಸ್ಯಾಂಪಲ್ ರೇಟ್ 48000 ಹರ್ಟ್ಸ್ ಮಾಡಿ. ಆಡಿಯೊ ಎನ್‌ಹಾನ್ಸ್‌ಮೆಂಟ್, ನಾಯ್ಸ್ ಸಪ್ರೆಶನ್ ಎಲ್ಲ ಆಫ್. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸುವುದು ಅದರ ಕೆಲಸ, ಮೊದಲು ತಿಂದುಹಾಕುವುದೇ ಶ್ರುತಿಯನ್ನು.
2. ಪ್ರೈವೆಸಿ ವಿಭಾಗದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ರೊಫೋನ್ ಅನುಮತಿ ಕೊಡಿ. ಸ್ಲೀಪ್ ಆಫ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್.
3. ನೆಟ್‌ವರ್ಕನ್ನು ಪ್ರೈವೇಟ್ ಎಂದು ಗುರುತಿಸಿ. ಫೈರ್‌ವಾಲ್‌ನಲ್ಲಿ ವಾಯ್ಸ್‌ಮೀಟರಿಗೂ ಯುಡಿಪಿ 6980 ಪೋರ್ಟಿಗೂ ದಾರಿ ಬಿಡಿ.
4. ವಾಯ್ಸ್‌ಮೀಟರ್ ತೆರೆದು ಮೊದಲ ಹಾರ್ಡ್‌ವೇರ್ ಇನ್‌ಪುಟ್‌ನಲ್ಲಿ ಡಬ್ಲ್ಯುಡಿಎಂ ಹೆಸರಿನ ಸಾಲಿನಿಂದ ನಿಮ್ಮ ಇಂಟರ್‌ಫೇಸ್ ಆರಿಸಿ. ಎ1 ಔಟ್‌ಪುಟ್‌ನಲ್ಲೂ ಯಾವುದಾದರೂ ಸಾಧನ ಆರಿಸಲೇಬೇಕು, ತಂತ್ರಾಂಶದ ಗಡಿಯಾರ ಅದರಿಂದಲೇ ನಡೆಯುತ್ತದೆ. ಇಂಟರ್‌ಫೇಸನ್ನೇ ಕೊಟ್ಟರೆ ಒಳ್ಳೆಯದು.
5. ಆ ಇನ್‌ಪುಟ್‌ನ ಕೆಳಗೆ ಎ ಗುಂಡಿ (ಸ್ಪೀಕರಿನ ದಾರಿ) ಆಫ್ ಮಾಡಿ, ಬಿ ಗುಂಡಿ (ನೆಟ್‌ವರ್ಕಿಗೆ ಹೋಗುವ ದಾರಿ) ಹೊತ್ತಿಸಿ. ಸದ್ದು ಒಂದೇ ಬದಿಗೆ ಬರುತ್ತಿದ್ದರೆ ಮೋನೊ ಒತ್ತಿ. ವರ್ಚುವಲ್ ಇನ್‌ಪುಟ್‌ನ ಬಿ ಗುಂಡಿ ಆರಿರಲಿ, ಇಲ್ಲದಿದ್ದರೆ ವಿಂಡೋಸ್‌ನ ಟಿಂಗ್ ಟಿಂಗ್ ಕೂಡ ಚೌಕಿಗೆ ಹೋಗುತ್ತದೆ.
6. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಡಿಎಂ ಬಫರ್ 512 ಇಡಿ. ಇದು 10.7 ಮಿಲಿಸೆಕೆಂಡ್.
7. ವಿಬ್ಯಾನ್ ಕಿಟಕಿ ತೆರೆದು ಮೇಲಿನ ಗುಂಡಿ ಒತ್ತಿ ಆನ್ ಮಾಡಿ. ಹೊರಹೋಗುವ ಮೊದಲ ಸಾಲಿನಲ್ಲಿ ಮೂಲ ಬಿ ಬಸ್, ಹರಿವಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಚುಟುಕು ಹೆಸರು, ವಿಳಾಸ 192.168.50.20, ಪೋರ್ಟ್ 6980, 2 ಚಾನೆಲ್, 16 ಬಿಟ್ ಪಿಸಿಎಂ. ಸಾಲಿನ ಸ್ವಿಚ್ ಆನ್ ಮಾಡಿ.

ಫೋನುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಸಾಲು ತುಂಬಿ. 255ರಲ್ಲಿ ಮುಗಿಯುವ ಬ್ರಾಡ್‌ಕಾಸ್ಟ್ ವಿಳಾಸ ಒಂದೇ ಕೊಟ್ಟು ಎಲ್ಲರಿಗೂ ಕಳಿಸುವ ಆಸೆಯಾಗುತ್ತದೆ. ವೈಫೈಯಲ್ಲಿ ಬ್ರಾಡ್‌ಕಾಸ್ಟ್ ಪ್ಯಾಕೆಟ್ ಕಡಿಮೆ ವೇಗದಲ್ಲಿ ಹೋಗುತ್ತದೆ, ತಲುಪಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಪರಿಣಾಮವಾಗಿ ಎಲ್ಲರಿಗೂ ಹರಿದ ಸದ್ದೇ ಸಿಗುತ್ತದೆ.

ಚೌಕಿಯ ತುದಿ

ಚೌಕಿಯ ಲ್ಯಾಪ್‌ಟಾಪ್‌ನಲ್ಲೂ ವಾಯ್ಸ್‌ಮೀಟರ್, ಫೈರ್‌ವಾಲ್ ಅನುಮತಿ, ಪವರ್ ಸೆಟ್ಟಿಂಗ್ ಎಲ್ಲ ಹಾಗೆಯೇ. ವಿಬ್ಯಾನ್ ಕಿಟಕಿಯ ಒಳಬರುವ ಸಾಲಿನಲ್ಲಿ ಅದೇ ಹೆಸರು, ದೊಡ್ಡಕ್ಷರ ಸಣ್ಣಕ್ಷರ ಬದಲಾಗದಂತೆ, ಮತ್ತು ಕಳುಹಿಸುವವರ ವಿಳಾಸ 192.168.50.10 ಬರೆಯಿರಿ. ಅದು ಬಂದು ಸೇರುವ ಇನ್‌ಪುಟ್‌ನಲ್ಲಿ ಎ ಹೊತ್ತಿಸಿ, ಎ1ನಲ್ಲಿ ಸ್ಪೀಕರ್ ಆರಿಸಿ. ಈ ಲ್ಯಾಪ್‌ಟಾಪ್‌ನ ಮೈಕನ್ನು ಯಾವ ಇನ್‌ಪುಟ್‌ಗೂ ಕೊಡಬೇಡಿ.

ಸ್ಪೀಕರನ್ನು ಬ್ಲೂಟೂತ್‌ನಿಂದ ಜೋಡಿಸಬೇಡಿ. ಬ್ಲೂಟೂತ್ ಒಂದೇ 150ರಿಂದ 250 ಮಿಲಿಸೆಕೆಂಡ್ ಸೇರಿಸುತ್ತದೆ, ನಿಮ್ಮ ಲೆಕ್ಕವೆಲ್ಲ ವ್ಯರ್ಥ. ಸ್ಪೀಕರ್ ಬಣ್ಣ ಹಚ್ಚಿಕೊಳ್ಳುವವರ ಸಾಲಿಗೆ ಮುಖಮಾಡಿರಲಿ, ಸದ್ದು ಮಾತಿನ ಮಟ್ಟ ಮೀರದಿರಲಿ. ವೇಷ ಮುಗಿಸಿ ಬಂದವರು ಅದೇ ಚೌಕಿಯ ಮೂಲೆಯಲ್ಲಿ ಒಂದು ನಿದ್ದೆ ತೆಗೆಯಬೇಕು. ರಂಗಸ್ಥಳದತ್ತ ಸ್ಪೀಕರ್ ತಿರುಗಿದ್ದರೆ ಅದರ ಸದ್ದು ಮೈಕಿಗೆ ಬಿದ್ದು ಸುತ್ತು ಹಾಕತೊಡಗುತ್ತದೆ.

ಫೋನಿನಲ್ಲಿ ಕೇಳುವವರು ಮೊಬೈಲ್ ಡೇಟಾ ಆಫ್ ಮಾಡಬೇಕು. ಇಲ್ಲವಾದರೆ ಇಂಟರ್‌ನೆಟ್ ಇಲ್ಲದ ವೈಫೈಯನ್ನು ಆಂಡ್ರಾಯ್ಡ್ ತಾನಾಗಿ ಬಿಟ್ಟುಬಿಡುತ್ತದೆ. ರಿಸೆಪ್ಟರ್ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ವಯರಿನ ಇಯರ್‌ಫೋನ್ ಬಳಸಿ.

ಅಳೆದು ಹೊಂದಿಸುವುದು

ಎರಡೂ ಲ್ಯಾಪ್‌ಟಾಪ್‌ಗಳನ್ನು ಒಂದೇ ಮೇಜಿನ ಮೇಲಿಟ್ಟು, ಚೌಕಿಯ ಲ್ಯಾಪ್‌ಟಾಪ್‌ಗೆ ಸ್ಪೀಕರ್ ಬದಲು ಇಯರ್‌ಫೋನ್ ಹಾಕಿ. ಮೈಕಿನ ಪಕ್ಕ ಒಂದು ಫೋನಿನಲ್ಲಿ ರೆಕಾರ್ಡಿಂಗ್ ಶುರುಮಾಡಿ, ಇಯರ್‌ಫೋನನ್ನು ಆ ಫೋನಿನ ಮೈಕಿಗೆ ತಾಗಿಸಿ ಹಿಡಿದು, ತಾಳವನ್ನು ಒಮ್ಮೆ ತಟ್ಟಿ. ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದರೆ ಎರಡು ಮೊನೆ ಕಾಣುತ್ತವೆ. ಅವುಗಳ ನಡುವಿನ ಅಂತರವೇ ತಡ. ಕೇಬಲ್ಲಿನಲ್ಲಿ ಸುಮಾರು 50ರಿಂದ 90 ಮಿಲಿಸೆಕೆಂಡ್ ಬರಬೇಕು.

ನಂತರ ಒಳಬರುವ ಸಾಲಿನ ನೆಟ್ ಕ್ವಾಲಿಟಿ ಬದಲಿಸಿ. ಆಪ್ಟಿಮಲ್, ಫಾಸ್ಟ್, ಮೀಡಿಯಂ, ಸ್ಲೋ, ವೆರಿ ಸ್ಲೋ ಎಂಬ ಐದು ಮೆಟ್ಟಿಲುಗಳಿವೆ, ಕೆಳಗಿಳಿದಂತೆ ಬಫರ್ ಹಿಗ್ಗುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಅಳೆದು ಬರೆದಿಟ್ಟುಕೊಳ್ಳಿ. ಗದ್ದೆಗೆ ಹೋದಾಗ ಮೊದಲು ಹೇಳಿದ ಗುರಿಗೆ ಹತ್ತಿರವಿರುವ ಮೆಟ್ಟಿಲನ್ನು ಆರಿಸಿದರಾಯಿತು. ಉಳಿದ ವ್ಯತ್ಯಾಸವನ್ನು ಸ್ಪೀಕರಿನಲ್ಲಿ ಡಿಲೇ ಸೌಲಭ್ಯವಿದ್ದರೆ ಅಲ್ಲಿ ಸೇರಿಸಿ.

ಇಡೀ ರಾತ್ರಿಯ ಆಟಕ್ಕೆ ಇನ್ನೊಂದು ವಿಷಯ ಗಮನಿಸಬೇಕು. ಎರಡು ಸೌಂಡ್ ಕಾರ್ಡ್‌ಗಳ ಗಡಿಯಾರದ ಹರಳುಗಳು ನಿಖರವಾಗಿ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೆ ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚುಕಡಿಮೆ. 8 ಗಂಟೆಯಲ್ಲಿ ಇದು ಸುಮಾರು 1.4 ಸೆಕೆಂಡಿಗೆ ಬೆಳೆಯುತ್ತದೆ. ಎಲ್ಲೋ ಒಂದು ಕಡೆ ಸ್ಯಾಂಪಲ್ ಬಿಟ್ಟು ಅಥವಾ ತುಂಬಿ ಸರಿದೂಗಿಸಲೇಬೇಕು. 10 ಮಿಲಿಸೆಕೆಂಡಿನ ಬಫರ್ ಆದರೆ 200 ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ. ಈ ಟಕ್‌ನ ಗುರುತು ಅದರ ನಿಯಮಿತತೆ: ಜನ ಇದ್ದರೂ ಇಲ್ಲದಿದ್ದರೂ, ಕೇಬಲ್ ಆದರೂ ವೈಫೈ ಆದರೂ ಅಷ್ಟೇ ಹೊತ್ತಿಗೊಮ್ಮೆ ಬರುತ್ತದೆ. ಅನಿಯಮಿತವಾಗಿ, ಗುಂಪುಗುಂಪಾಗಿ ಕಡಿದರೆ ಅದು ವೈಫೈ ದೋಷ. ಮೊದಲನೆಯದಕ್ಕೆ ಬಫರ್ ಒಂದು ಮೆಟ್ಟಿಲು ಹಿಗ್ಗಿಸಿ, ಪ್ರಸಂಗ ಬದಲಾಗುವ ಬಿಡುವಿನಲ್ಲಿ ಒಳಬರುವ ಸಾಲನ್ನು ಆಫ್ ಮಾಡಿ ಆನ್ ಮಾಡಿ. ಎರಡನೆಯದಕ್ಕೆ ರೂಟರಿನ ಎತ್ತರ, ಚಾನೆಲ್ ನೋಡಿ.

ಸದ್ದೇ ಬಾರದಿದ್ದರೆ ಹೀಗೆ ಹುಡುಕಿ: ಕಳುಹಿಸುವ ಇನ್‌ಪುಟ್‌ನ ಮೀಟರ್ ಕುಣಿಯುತ್ತಿದೆಯೇ, ಬಿ ಗುಂಡಿ ಹೊತ್ತಿದೆಯೇ, ವಿಬ್ಯಾನ್ ಎರಡೂ ಕಡೆ ಆನ್ ಇದೆಯೇ, ಪಿಂಗ್ ಹೋಗುತ್ತಿದೆಯೇ, ಹೆಸರು ಅಕ್ಷರಶಃ ಒಂದೇ ಇದೆಯೇ. ಎಲ್ಲ ಸರಿಯಿದ್ದೂ ಮೌನವಾದರೆ ಫೈರ್‌ವಾಲ್. ಹೊಸ ರೂಟರಿಗೆ ಸೇರಿದಾಗ ವಿಂಡೋಸ್ ಅದನ್ನು ಪಬ್ಲಿಕ್ ಎಂದು ಗುರುತಿಸಿ ಬಾಗಿಲು ಮುಚ್ಚಿರುತ್ತದೆ.

ಸಿಡಿಲು, ಉಪ್ಪುಗಾಳಿ, ಮಳೆಗಾಲ

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲು ನಮ್ಮಲ್ಲಿ ಸಾಮಾನ್ಯ. ಬಯಲಿನಲ್ಲಿ ಎಳೆದ 60 ಮೀಟರ್ ತಾಮ್ರದ ಕೇಬಲ್ ಹತ್ತಿರದ ಸಿಡಿಲಿಗೇ ವೋಲ್ಟೇಜ್ ಎಳೆದುಕೊಂಡು ಎರಡೂ ತುದಿಯ ಸಾಧನ ಸುಡಬಹುದು. ಮೋಡ ಕಟ್ಟಿದೊಡನೆ ಎರಡೂ ತುದಿ ಕಿತ್ತಿಡಿ. ಪ್ರತಿ ವರ್ಷ ಒಂದೇ ಜಾಗದಲ್ಲಿ ಆಟವಾಗುವುದಾದರೆ ಫೈಬರ್ ಕೇಬಲ್ ಮತ್ತು ಎರಡು ಮೀಡಿಯಾ ಕನ್ವರ್ಟರ್ ಕೊಳ್ಳುವುದು ಮೇಲು. ಫೈಬರ್‌ನಲ್ಲಿ ವಿದ್ಯುತ್ ಹರಿಯದ ಕಾರಣ ಆ ದಾರಿಯಲ್ಲಿ ಸಿಡಿಲಿನ ಹೆದರಿಕೆ ತಪ್ಪುತ್ತದೆ.

ಮಲ್ಪೆ, ಕಾಪು, ಉಳ್ಳಾಲದಂಥ ಕಡಲ ಬದಿಯಲ್ಲಿ ಕೇಬಲ್ಲಿನ ಆರ್‌ಜೆ45 ತುದಿಗಳು ಬೇಗ ಹಸಿರು ಹಿಡಿಯುತ್ತವೆ. ಪಿಂಗ್ ಚೆನ್ನಾಗಿದ್ದದ್ದು ಕೇಬಲ್ ಅಲ್ಲಾಡಿದಾಗ ಮಾತ್ರ ಕೆಡುತ್ತಿದ್ದರೆ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಮೇ ಕೊನೆಯ ಪತ್ತನಾಜೆಗೆ ಮೇಳದ ತಿರುಗಾಟ ಮುಗಿದ ಮೇಲೆ ರೂಟರ್, ಇಂಟರ್‌ಫೇಸ್, ಅಡಾಪ್ಟರ್‌ಗಳನ್ನು ಒಣಬಟ್ಟೆಯಿಂದ ಒರೆಸಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಇಡಿ. ಮಿನಿ ಯುಪಿಎಸ್ಸನ್ನು ಮಳೆಗಾಲದ ನಡುವೆ ಎರಡು ತಿಂಗಳಿಗೊಮ್ಮೆ ಹೊರತೆಗೆದು ಚಾರ್ಜ್ ಮಾಡಿ, ಪೂರ್ತಿ ಖಾಲಿಯಾಗಿ ಉಳಿದ ಬ್ಯಾಟರಿ ಮುಂದಿನ ತಿರುಗಾಟಕ್ಕೆ ಏಳುವುದಿಲ್ಲ.